ಗಾಯದ ಶೇಕಡಾ, ಬದುಕಿನ ಶೇಕಡಾ

ದೋಣಿಮಲೈ ಎಂದರೆ ಬಹಳ ಜನರಿಗೆ ನೆನಪಾಗುವುದು ಕಬ್ಬಿಣದ ಅದಿರು. ಸಂಡೂರು ತಾಲ್ಲೂಕಿನ ಈ ಬೆಟ್ಟದಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿ 1977ರಲ್ಲಿ ಕೆಲಸ ಆರಂಭಿಸಿತು. ಅಲ್ಲಿಂದ ಎಷ್ಟು ಅದಿರು ಹೊರಟಿತೆಂಬ ಲೆಕ್ಕ ಟನ್ನುಗಳಲ್ಲಿ ಸಿಗುತ್ತದೆ. ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವುದು ಬೇರೊಂದು ಲೆಕ್ಕ. ಅದಿರು ಅಗೆಯುವ, ಸಾಗಿಸುವ ಮನುಷ್ಯನ ಮೈಗೆ ಪೆಟ್ಟಾದರೆ ಅದನ್ನು ಅಳೆಯುವವರು ಯಾರು? ಆ ಪೆಟ್ಟು ಗಂಭೀರವೆಂದು ಕೋರ್ಟಿನ ಮುಂದೆ ಸಾಬೀತಾಗುವುದು ಹೇಗೆ?

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ಕನ್ನಡ ಶಾಸನಗಳಲ್ಲಿ 'ನೆತ್ತರುಗೊಡಗೆ' ಎಂಬ ಸೊಗಸಾದ, ಅಷ್ಟೇ ನೋವಿನ ಮಾತೊಂದಿದೆ. ಊರಿಗಾಗಿ ಕಾದಾಡಿ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು. ಅಲ್ಲಿ ವೈದ್ಯರ ಚೀಟಿ ಬೇಕಾಗಿರಲಿಲ್ಲ. ನಡೆದದ್ದನ್ನು ಊರು ಕಂಡಿರುತ್ತಿತ್ತು, ಕಲ್ಲು ಅದನ್ನು ಹೇಳುತ್ತಿತ್ತು. ದೂರದ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಸುಮಾರು ಕ್ರಿ.ಶ. 600ರ ಹೊತ್ತಿಗೆ ದೊರೆ ಎಥೆಲ್‌ಬರ್ಟ್ ಬೇರೆ ದಾರಿ ಹಿಡಿದಿದ್ದ. ಅವನ ಕಾನೂನು ಅಂಗಾಂಗಗಳಿಗೆ ಬೆಲೆಪಟ್ಟಿಯನ್ನೇ ಕಟ್ಟಿತ್ತು. ಹೆಬ್ಬೆರಳು ಹೋದರೆ 20 ಶಿಲ್ಲಿಂಗ್, ಅದರ ಉಗುರು ಹೋದರೆ 3.

ನಮ್ಮ ಆಧುನಿಕ ಕಾನೂನು ಈ ಎರಡನೆಯ ದಾರಿಯ ಕಡೆಗೇ ವಾಲಿತು. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಕೊನೆಯಲ್ಲಿ ಒಂದು ಅನುಸೂಚಿ ಇತ್ತು. ಕಾಲಕಾಲಕ್ಕೆ ತಿದ್ದುಪಡಿಯಾದ ಆ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇ. 30, ಇಡೀ ತೋರುಬೆರಳಿಗೆ ಶೇ. 14, ಒಂದು ಕೈಗೆ ಶೇ. 60 ಎಂದಿತ್ತು. ಶಿಲ್ಲಿಂಗ್ ಹೋಗಿ ಶೇಕಡಾ ಬಂತು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಈ ಶೇಕಡಾ ಬೆರಳಿನ ಬೆಲೆಯಲ್ಲ, ದುಡಿಯುವ ಶಕ್ತಿಯಲ್ಲಿ ಆದ ನಷ್ಟ. ಮುಂದಿನ ಕತೆಯೆಲ್ಲ ಈ ವ್ಯತ್ಯಾಸದ ಸುತ್ತಲೇ ನಡೆಯುತ್ತದೆ.

ಬೆರಳು ಹೋದದ್ದು ಕಣ್ಣಿಗೆ ಕಾಣುತ್ತದೆ. ಒಳಗೆ ಮುರಿದದ್ದು ಕಾಣುವುದಿಲ್ಲ. ಅದನ್ನು ಕಾಣಿಸಿದ ಎಕ್ಸ್-ರೇಯನ್ನು ರಾಂಟ್‌ಜನ್ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಮರುವರ್ಷವೇ ಅಮೆರಿಕದ ಡೆನ್ವರ್ ನಗರದ ಕೋರ್ಟೊಂದು ತೊಡೆಮೂಳೆಯ ಎಕ್ಸ್-ರೇ ಚಿತ್ರವನ್ನು ಸಾಕ್ಷ್ಯವಾಗಿ ಒಪ್ಪಿಕೊಂಡಿತು. ಅಂದಿನಿಂದ ಗಾಯಾಳು ತನ್ನ ನೋವನ್ನು ಬಾಯಲ್ಲಿ ಹೇಳಿದರಷ್ಟೇ ಸಾಲದಾಯಿತು, ಚಿತ್ರವೂ ಬೇಕಾಯಿತು.

ಗಂಭೀರವೆಂದರೆ ಎಷ್ಟು ಗಂಭೀರ? ಕಾನೂನುಗಳೂ ಒಂದೇ ಉತ್ತರ ಕೊಟ್ಟಿಲ್ಲ. 1860ರ ದಂಡಸಂಹಿತೆ ಮೂಳೆಮುರಿತದಂಥ ಗಾಯಗಳ ಜೊತೆಗೆ 20 ದಿನ ತೀವ್ರ ನೋವು ಕೊಡುವ ಪೆಟ್ಟನ್ನೂ 'ತೀವ್ರ ಗಾಯ' ಎಂದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು 15 ದಿನಕ್ಕೆ ಇಳಿಸಿತು. 1952ರ ಗಣಿ ಕಾಯಿದೆಗೆ ತನ್ನದೇ ವ್ಯಾಖ್ಯೆಯಿತ್ತು. ಅಂಗದ ಭಾಗವೊಂದು ಶಾಶ್ವತವಾಗಿ ಹೋಗುವುದು, ದೃಷ್ಟಿಗೆ ಅಥವಾ ಶ್ರವಣಕ್ಕೆ ಶಾಶ್ವತ ಹಾನಿ, ಯಾವುದೇ ಮೂಳೆಯ ಮುರಿತ, ಇವೆಲ್ಲ ಅಲ್ಲಿ ಗಂಭೀರ ಗಾಯಗಳೇ ಆಗಿದ್ದವು.

ಪಟ್ಟಿ ಮತ್ತು ವ್ಯಾಖ್ಯೆ ಎಷ್ಟೇ ಸ್ಪಷ್ಟವಾಗಿದ್ದರೂ ಬದುಕು ಅವುಗಳೊಳಗೆ ಹಿಡಿಸುವುದಿಲ್ಲ. ನಮ್ಮದೇ ರಾಜ್ಯದ ಒಂದು ಪ್ರಕರಣ ನೋಡಿ. ಆಯನೂರಿನಿಂದ ಶಿವಮೊಗ್ಗದ ಕಡೆ ಹೊರಟಿದ್ದ ಟ್ಯಾಂಕರಿಗೆ ಎದುರಿನಿಂದ ಬಂದ ಟ್ರ್ಯಾಕ್ಟರ್ ಡಿಕ್ಕಿಯಾಯಿತು. ಚಾಲಕನ ಬಲಗಾಲನ್ನು ಮೊಣಕಾಲಿನವರೆಗೆ ಕತ್ತರಿಸಬೇಕಾಯಿತು. ಪರಿಹಾರ ಆಯುಕ್ತರು ಇದನ್ನು ಶೇ. 100 ನಷ್ಟವೆಂದರು. ಹೈಕೋರ್ಟ್ ಅನುಸೂಚಿಯನ್ನೂ ವೈದ್ಯರ ಅಭಿಪ್ರಾಯವನ್ನೂ ಮುಂದಿಟ್ಟುಕೊಂಡು ಶೇ. 65ಕ್ಕೆ ಇಳಿಸಿತು. 2008ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಶೇ. 100 ಎಂದಿತು. ಕಾಲಿಲ್ಲದವನಿಗೆ ಟ್ಯಾಂಕರ್ ಓಡಿಸುವ ಲೈಸೆನ್ಸ್ ಸಿಗುವುದಿಲ್ಲ, ಅವನಿಗೆ ಗೊತ್ತಿದ್ದ ಕೆಲಸ ಅದೇ. ಎಡಗೈ ಕಳೆದುಕೊಂಡ ಬಡಗಿಯ ವಿಷಯದಲ್ಲಿ 1970ರ ದಶಕದಲ್ಲೇ ಅದೇ ನ್ಯಾಯಾಲಯ ಇದೇ ಮಾತು ಹೇಳಿತ್ತು. ಒಂದೇ ಕೈಯಲ್ಲಿ ಬಡಗಿಕೆಲಸ ಸಾಗುವುದಿಲ್ಲ ಎಂಬುದು ಅದರ ಸರಳ ತರ್ಕ.

ಈ ತರ್ಕವನ್ನು ಒಪ್ಪವಾಗಿ ಕಟ್ಟಿಕೊಟ್ಟವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಕರ್ನಾಟಕ ಹೈಕೋರ್ಟಿನಲ್ಲಿ ವಕೀಲರಾಗಿ, ನ್ಯಾಯಮೂರ್ತಿಯಾಗಿ ಕೆಲಸ ಮಾಡಿ ಸುಪ್ರೀಂ ಕೋರ್ಟಿಗೆ ಹೋದವರು. 2010ರ ಅಕ್ಟೋಬರಿನ ಒಂದು ತೀರ್ಪಿನಲ್ಲಿ ಅವರು ಕೆಲಸವನ್ನು ಹಂಚಿಕೊಟ್ಟರು. ದೇಹಕ್ಕೆ ಎಷ್ಟು ಊನವಾಗಿದೆ ಎಂದು ವೈದ್ಯರು ಹೇಳಬಹುದು. ಆ ಊನದಿಂದ ಸಂಪಾದನೆ ಎಷ್ಟು ಕುಗ್ಗಿತು ಎಂಬುದನ್ನು ನ್ಯಾಯಮಂಡಳಿಯೇ ನಿರ್ಧರಿಸಬೇಕು. ಎಡಗೈ ಹೋದರೆ ಚಾಲಕ, ಬಡಗಿಗಳ ಗಳಿಕೆ ಹೆಚ್ಚುಕಡಿಮೆ ಪೂರ್ತಿ ನಿಲ್ಲುತ್ತದೆ. ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಕಾಲೊಂದರ ಶೇ. 45 ಊನವನ್ನು ಇಡೀ ದೇಹದ ಶೇ. 45 ಎಂದು ಓದಬಾರದು. ಚಿಕಿತ್ಸೆಯನ್ನೇ ಕೊಡದೆ ಉದಾರವಾಗಿ ಪ್ರಮಾಣಪತ್ರ ಬರೆದುಕೊಡುವ ವೈದ್ಯರ ಬಗ್ಗೆಯೂ ಆ ತೀರ್ಪು ಎಚ್ಚರಿಸಿತು. ಅನುಮಾನವಿದ್ದರೆ ವೈದ್ಯಕೀಯ ಮಂಡಳಿಗೆ ಕಳಿಸಬಹುದು, ನ್ಯಾಯಮಂಡಳಿ ಸುಮ್ಮನೆ ನೋಡುತ್ತ ಕೂರಬಾರದು ಎಂದಿತು.

ಈ ಎಚ್ಚರಿಕೆಗೆ ಎರಡು ಮುಖಗಳಿವೆ ಎಂದು ನನಗೆ ಅನಿಸುತ್ತದೆ. ಸುಳ್ಳು ಪ್ರಮಾಣಪತ್ರ ಹೆಚ್ಚಿದಷ್ಟೂ ನಿಜವಾದ ಗಾಯಾಳುವಿನ ಮೇಲೆ ಅನುಮಾನ ಹೆಚ್ಚುತ್ತದೆ. ಅವನನ್ನು ಕಾಯುವುದು ಕಡತ ಮಾತ್ರ. ಪೆಟ್ಟಾದ ದಿನದ ಗಾಯದ ಪ್ರಮಾಣಪತ್ರ, ಎಕ್ಸ್-ರೇ, ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಸಾರಾಂಶ, ಆಮೇಲೆ ಕೀಲು ಎಷ್ಟು ಮಡಚುತ್ತದೆ ಎಂಬ ಅಳತೆ, ಇವು ಒಂದನ್ನೊಂದು ಒಪ್ಪಬೇಕು. ಬರೆದ ವೈದ್ಯರು ಬಂದು ಪಾಟೀಸವಾಲಿಗೆ ನಿಲ್ಲಬೇಕು.

ಈಗ ದೋಣಿಮಲೈಯ ಕಡೆ ತಿರುಗಿದರೆ ಕಡತ ಯಾರಿಗಿದೆ, ಯಾರಿಗಿಲ್ಲ ಎಂಬುದು ಕಾಣುತ್ತದೆ. 1955ರ ಗಣಿ ನಿಯಮಗಳ ಪ್ರಕಾರ ಗಣಿ ಕಾರ್ಮಿಕನಿಗೆ ಕೆಲಸಕ್ಕೆ ಸೇರುವ ಮುಂಚೆ, ಆಮೇಲೆ ಐದು ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ಪರೀಕ್ಷೆ ಆಗಬೇಕಿತ್ತು. ಸಿಡಿಮದ್ದಿನ ಸದ್ದಿಗೆ ಕಿವಿ ಮಂದವಾಯಿತು ಎಂದು ಒಬ್ಬ ಹೇಳಿದಾಗ, ಅದು ಮೊದಲು ಹೇಗಿತ್ತು ಎಂಬ ದಾಖಲೆಯೇ ಅವನ ಬಲ. ಗಣಿಯ ಗೇಟು ದಾಟಿದ ಮೇಲೆ ಈ ನಿಯಮದ ಕೈ ಚಾಚುತ್ತಿರಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳು ಹಗಲಿರುಳು ಓಡಿದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ ನಿಂತವು. ಆ ಲಾರಿಯ ಕ್ಲೀನರ್, ರಸ್ತೆ ಬದಿಯ ಕೂಲಿ, ಸೈಕಲ್ಲಿನಲ್ಲಿ ಹೋಗುತ್ತಿದ್ದ ರೈತ, ಇವರ ಗಾಯದ ಮೊದಲ ದಾಖಲೆ ಹುಟ್ಟುವುದು ಅಪಘಾತದ ರಾತ್ರಿ, ತಾಲ್ಲೂಕು ಆಸ್ಪತ್ರೆಯಲ್ಲೋ ಜನ ವಿಮ್ಸ್ ಎಂದು ಕರೆಯುವ ಬಳ್ಳಾರಿಯ ಆಸ್ಪತ್ರೆಯಲ್ಲೋ. ಅಂದು ಅವಸರದಲ್ಲಿ ಬರೆದ, ಅಥವಾ ಬರೆಯದೆ ಬಿಟ್ಟ ಒಂದು ಸಾಲು ವರ್ಷಗಳ ನಂತರ ಕೋರ್ಟಿನಲ್ಲಿ ಅವರ ಪರವೋ ವಿರುದ್ಧವೋ ಮಾತಾಡುತ್ತದೆ.

ನೆತ್ತರುಗೊಡಗೆಯ ಕಾಲದಲ್ಲಿ ಸತ್ತವನು ಯಾರು, ಅವನ ಮನೆ ಹೇಗೆ ನಡೆಯುತ್ತಿತ್ತು ಎಂಬುದು ಊರಿಗೆ ಗೊತ್ತಿತ್ತು. ಇಂದಿನ ನ್ಯಾಯಮಂಡಳಿಗೆ ಅದು ಗೊತ್ತಿರುವುದಿಲ್ಲ, ಯಾರಾದರೂ ಹೇಳಬೇಕು. ಎಕ್ಸ್-ರೇ ಮುರಿದ ಮೂಳೆಯನ್ನು ತೋರಿಸುತ್ತದೆ. ಆ ಮೂಳೆಯ ಬಲದಿಂದ ಮನುಷ್ಯ ಏನು ಎತ್ತುತ್ತಿದ್ದ, ಯಾರನ್ನು ಸಾಕುತ್ತಿದ್ದ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ತಂದವರ ಪ್ರಕರಣಗಳಲ್ಲೇ ಶೇ. 65 ಮತ್ತೆ ಶೇ. 100 ಆದದ್ದು.