ನಿ ಲೀವ್ (1957ರ ನಾರ್ವೇಜಿಯನ್ ಚಿತ್ರ)

ನಿ ಲೀವ್ ಎಂದರೆ ‘ಒಂಬತ್ತು ಜೀವ’. ಆರ್ನೆ ಸ್ಕೌವೆನ್ ಚಿತ್ರಕಥೆ ಬರೆದು ನಿರ್ದೇಶಿಸಿದ ಈ ಕಪ್ಪು-ಬಿಳುಪು ಚಿತ್ರ 1957ರಲ್ಲಿ ತೆರೆಕಂಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸೇನೆಯ ಕಣ್ತಪ್ಪಿಸಿ, ಹಿಮ ಸುರಿಯುವ ಉತ್ತರ ನಾರ್ವೆಯಲ್ಲಿ ಎರಡು ತಿಂಗಳು ಜೀವ ಹಿಡಿದುಕೊಂಡಿದ್ದ ಯಾನ್ ಬಾಲ್ಸ್ರುಡ್ ಎಂಬಾತನ ನಿಜಕಥೆ ಇದರ ವಸ್ತು.

ಹಿನ್ನೆಲೆ

1943ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಶೆಟ್ಲೆಂಡ್ ದ್ವೀಪಗಳಿಂದ ‘ಬ್ರಾಟ್‌ಹೋಲ್ಮ್’ ಎಂಬ ಮೀನುಗಾರಿಕಾ ದೋಣಿ ಹನ್ನೆರಡು ಮಂದಿ ನಾರ್ವೇಜಿಯನ್ನರನ್ನೂ ಟನ್‌ಗಟ್ಟಲೆ ಸ್ಫೋಟಕವನ್ನೂ ಹೊತ್ತು ಹೊರಟಿತು. ಟ್ರೊಮ್ಸ್ ಪ್ರಾಂತ್ಯದ ತೀರ ಮುಟ್ಟಿದ ಮೇಲೆ ಅವರು ನೆರವು ಕೇಳಲು ಹೋದದ್ದು ಒಬ್ಬ ಅಂಗಡಿಯವನ ಬಳಿಗೆ. ಅವರು ನಂಬಿದ್ದ ಹಳೆಯ ಅಂಗಡಿಯವನು ಅಷ್ಟರಲ್ಲಿ ತೀರಿಕೊಂಡಿದ್ದ. ಹೊಸಬನ ಹೆಸರೂ ಅದೇ. ಬಂದವರು ತನ್ನನ್ನು ಪರೀಕ್ಷಿಸಲು ಜರ್ಮನ್ನರೇ ಕಳಿಸಿದವರಿರಬೇಕೆಂದು ಹೆದರಿ ಆತ ಸುದ್ದಿ ಮುಟ್ಟಿಸಿದ. ಟೊಫ್ಟೆಫ್ಯೋರ್ಡ್‌ನಲ್ಲಿ ಜರ್ಮನ್ ಹಡಗು ಎದುರಾದಾಗ ದೋಣಿಯವರು ತಾವೇ ದೋಣಿಯನ್ನು ಸ್ಫೋಟಿಸಿದರು. ಹನ್ನೊಂದು ಮಂದಿ ಸತ್ತರು, ಕೆಲವರು ಅಲ್ಲೇ, ಉಳಿದವರು ಸೆರೆಸಿಕ್ಕ ಮೇಲೆ. ಬಾಲ್ಸ್ರುಡ್ ಒಬ್ಬನೇ, ಒಂದು ಕಾಲಿಗೆ ಬೂಟಿಲ್ಲದೆ, ಗುಂಡಿನೇಟಿಗೆ ಹೆಬ್ಬೆರಳು ಹಾರಿಹೋದ ಪಾದದಲ್ಲಿ ಪಾರಾದ.

ಮುಂದೆ ಹಿಮಪಾತಕ್ಕೆ ಸಿಕ್ಕಿ, ಹಿಮದ ಬೆಳಕಿಗೆ ಕಣ್ಣು ಕಾಣದಾಗಿ, ಫುರುಫ್ಲಾಟೆನ್ ಎಂಬ ಹಳ್ಳಿಯ ಮನೆಯೊಂದಕ್ಕೆ ಹೇಗೋ ಬಂದು ಬಿದ್ದ. ಕಾಲು ಕೊಳೆಯತೊಡಗಿದಾಗ ಜೇಬಿನ ಚಾಕುವಿನಿಂದ ತನ್ನ ಕಾಲ್ಬೆರಳುಗಳನ್ನು ತಾನೇ ಕತ್ತರಿಸಿಕೊಂಡ. ಹಳ್ಳಿಯವರು ಅವನನ್ನು ಜಾರುಬಂಡಿಗೆ ಕಟ್ಟಿ ಬೆಟ್ಟ ಹತ್ತಿಸಿದರು; ಕೊನೆಗೆ ಸಾಮಿ ಜನರು ಹಿಮಸಾರಂಗಗಳ ಬಂಡಿಯಲ್ಲಿ ಸ್ವೀಡನ್ನಿಗೆ ದಾಟಿಸಿದರು. ಯುದ್ಧಕಾಲದಲ್ಲಿ ಶೆಟ್ಲೆಂಡ್ ದೋಣಿಗಳ ವ್ಯವಸ್ಥೆಯಲ್ಲೇ ಕೆಲಸ ಮಾಡಿದ್ದ ಬ್ರಿಟಿಷ್ ನೌಕಾಧಿಕಾರಿ ಡೇವಿಡ್ ಹೊವಾರ್ತ್ ಈ ಘಟನೆಯ ಮೇಲೆ 1955ರಲ್ಲಿ ಪುಸ್ತಕ ಪ್ರಕಟಿಸಿದರು. ಚಿತ್ರಕಥೆಗೆ ಆಧಾರ ಅದೇ.

ನಿರ್ಮಾಣ

ಪತ್ರಕರ್ತರಾಗಿದ್ದ ಸ್ಕೌವೆನ್ (1913–2003) 1949ರಲ್ಲಿ, ಓಸ್ಲೋದ ಬೀದಿಹುಡುಗರನ್ನು ಕುರಿತ ‘ಗಾಟೆಗುಟ್ಟರ್’ ಚಿತ್ರದ ಮೂಲಕ ಸಿನಿಮಾಕ್ಕೆ ಬಂದವರು. ಜರ್ಮನ್ ಆಕ್ರಮಣದ ದಿನಗಳು ಅವರಿಗೆ ಹೊಸ ವಸ್ತುವೇನಲ್ಲ. 1952ರ ‘ನೊಡ್‌ಲಾಂಡಿಂಗ್’ನಲ್ಲಿ ನೆಲಕ್ಕುರುಳಿದ ಅಮೆರಿಕನ್ ವಿಮಾನದವರನ್ನು ಊರವರು ಬಚ್ಚಿಡುವ ಕಥೆ ಹೇಳಿದ್ದರು. ‘ನಿ ಲೀವ್’ನಲ್ಲಿ ಬಾಲ್ಸ್ರುಡ್ ಪಾತ್ರ ಯಾಕ್ ಫ್ಯೆಲ್‌ಸ್ತಾದ್ ಅವರದು, ಹೆನ್ನಿ ಮೋವಾನ್, ಆಲ್ಫ್ ಮಾಲ್ಲಾಂಡ್ ಇತರ ಮುಖ್ಯ ಪಾತ್ರಗಳಲ್ಲಿದ್ದಾರೆ. ಛಾಯಾಗ್ರಹಣ ರಾಗ್ನಾರ್ ಸೊರೆನ್ಸೆನ್, ಸಂಗೀತ ಗುನ್ನಾರ್ ಸೊನ್‌ಸ್ಟೆವೊಲ್ಡ್.

ಚಿತ್ರದ ದಿಟ್ಟತನ ಇರುವುದು ನಾಯಕನನ್ನು ಮಲಗಿಸಿಬಿಡುವುದರಲ್ಲಿ. ಯುದ್ಧಚಿತ್ರದ ನಾಯಕ ಓಡಬೇಕು, ಗುಂಡು ಹಾರಿಸಬೇಕು; ಇಲ್ಲಿ ಬಹುಪಾಲು ಆತ ಬೇರೆಯವರು ಹೊರಬೇಕಾದ ಭಾರ. ಜರ್ಮನ್ ಸೈನಿಕರು ಕಾಣಿಸಿಕೊಳ್ಳುವುದೂ ಕಡಿಮೆ. ಅವರಿಗಿಂತ ಚಳಿ, ಇಳಿಜಾರು, ಹಸಿವುಗಳೇ ಹೆಚ್ಚಿನ ವೈರಿಗಳು. ಸಿಕ್ಕಿಬಿದ್ದರೆ ಮನೆಮಂದಿಗೆಲ್ಲ ಸಾವೇ ಗತಿ ಎಂದು ಗೊತ್ತಿದ್ದೂ ಹಗ್ಗ ಹಿಡಿದವರು ಚಿತ್ರದ ಉತ್ತರಾರ್ಧವನ್ನು ಆವರಿಸಿಕೊಳ್ಳುತ್ತಾರೆ. ಸೊರೆನ್ಸೆನ್ ಅವರ ಕ್ಯಾಮೆರಾ ಇದಕ್ಕೆ ಒತ್ತಾಸೆ: ಬಿಳಿಯ ವಿಸ್ತಾರದ ನಡುವೆ ಮನುಷ್ಯ ಒಂದು ಚುಕ್ಕೆ, ಮರುಕ್ಷಣ ಗಡ್ಡ ಬೆಳೆದ, ತುಟಿ ಒಡೆದ ಮುಖ.

ಸ್ವಾಗತ

ಚಿತ್ರ 1957ರ ಕಾನ್ ಉತ್ಸವದ ಸ್ಪರ್ಧೆಯಲ್ಲಿತ್ತು. ಮರುವರ್ಷ ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನವಾಯಿತು. ಈ ವಿಭಾಗದಲ್ಲಿ ನಾರ್ವೆಗೆ ಅದೇ ಮೊದಲು. ಭಾರತದ ‘ಮದರ್ ಇಂಡಿಯಾ’ ಕೂಡ ಆ ಸಾಲಿನ ಐದು ಚಿತ್ರಗಳಲ್ಲೊಂದು. ಭಾರತಕ್ಕೂ ಅದು ಮೊದಲ ನಾಮನಿರ್ದೇಶನವೇ. ಎರಡನ್ನೂ ಹಿಂದಿಕ್ಕಿ ಪ್ರಶಸ್ತಿ ಪಡೆದದ್ದು ಇಟಲಿಯ ಫೆಲಿನಿ ಅವರ ‘ನೈಟ್ಸ್ ಆಫ್ ಕಬೀರಿಯಾ’. ಸಾಮಿ ಭಾಷೆಯ ‘ಓಫೆಲಾಷ್’ (1987) ಬರುವವರೆಗೆ ನಾರ್ವೆಯ ಇನ್ನೊಂದು ಚಿತ್ರ ಈ ಪಟ್ಟಿ ಸೇರಲಿಲ್ಲ. ತವರಿನಲ್ಲಂತೂ ಚಿತ್ರದ ಮೇಲಿನ ಪ್ರೀತಿ ಮಾಸಲಿಲ್ಲ: 1991ರಲ್ಲಿ ದೂರದರ್ಶನ ವೀಕ್ಷಕರು ನಾರ್ವೆಯ ಸಾರ್ವಕಾಲಿಕ ಶ್ರೇಷ್ಠ ಚಿತ್ರವಾಗಿ ಇದನ್ನೇ ಆರಿಸಿದರು.

2017ರಲ್ಲಿ ಹರಾಲ್ಡ್ ಸ್ವಾರ್ಟ್ ಇದೇ ಕಥೆಯನ್ನು ‘ಡೆನ್ 12. ಮಾನ್’ ಎಂದು ಮತ್ತೆ ತೆರೆಗೆ ತಂದರು. ಬೆನ್ನಟ್ಟುವ ಗೆಸ್ಟಾಪೊ ಅಧಿಕಾರಿಯ ಪಾತ್ರಕ್ಕೆ ಅದರಲ್ಲಿ ದೊಡ್ಡ ಜಾಗವಿದೆ. ಅದರಿಂದ ರೋಚಕತೆ ಹೆಚ್ಚಿತು, ನಿಜ; ಆದರೆ ಹೊರುವವರ ದಣಿವನ್ನು ಸಾವಧಾನವಾಗಿ ನೋಡುವ ವ್ಯವಧಾನ ಹಳೆಯ ಚಿತ್ರಕ್ಕೇ ಹೆಚ್ಚು.