ಬುತ್ತಿಯಿಲ್ಲದ ಪಯಣ: ಆಂಟನಿ ನಾರಿಸ್ ಗ್ರೋವ್ಸ್

ದೂರದ ಊರಿಗೆ ಹೊರಟವನು ಬುತ್ತಿ ಕಟ್ಟಿಕೊಳ್ಳುವುದು ಲೋಕರೂಢಿ. ದೇವರ ಹೆಸರಿನಲ್ಲಿ ಹೊರಟವನಿಗೆ ಈ ರೂಢಿ ಸಲ್ಲುವುದೇ, ಸಲ್ಲದೇ ಎಂಬುದು ಧರ್ಮಗಳ ಚರಿತ್ರೆಯಲ್ಲಿ ಹಳೆಯ ಜಿಜ್ಞಾಸೆ. ಏಸುಕ್ರಿಸ್ತನು ತನ್ನ ಶಿಷ್ಯರನ್ನು ಒಮ್ಮೆ ಹಣದ ಚೀಲವಿಲ್ಲದೆ ಊರೂರಿಗೆ ಕಳುಹಿಸಿದನೆಂದೂ, ಕಡೆಗಾಲದಲ್ಲಿ ಚೀಲವನ್ನು ಕೊಂಡೊಯ್ಯಿರೆಂದು ತಾನೇ ಹೇಳಿದನೆಂದೂ ಸುವಾರ್ತಾ ಗ್ರಂಥಗಳು ತಿಳಿಸುತ್ತವೆ. ಈ ಎರಡು ಆದೇಶಗಳಲ್ಲಿ ಯಾವುದನ್ನು ಹಿಡಿಯಬೇಕೆಂಬ ಪ್ರಶ್ನೆಯು ಕ್ರೈಸ್ತ ಧರ್ಮಪ್ರಸಾರಕರನ್ನು ಮತ್ತೆ ಮತ್ತೆ ಕಾಡಿದೆ. ಆ ಪ್ರಶ್ನೆಯನ್ನು ತನ್ನ ಬದುಕಿನಿಂದಲೇ ಉತ್ತರಿಸಲೆತ್ನಿಸಿದ ಒಬ್ಬ ಆಂಗ್ಲ ಗೃಹಸ್ಥನ ವೃತ್ತಾಂತವನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಾಗಿದೆ.

ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಇಂಗ್ಲೆಂಡಿನಲ್ಲಿ ಧರ್ಮಪ್ರಸಾರ ಸಂಘಗಳು ಒಂದರ ಹಿಂದೊಂದು ಹುಟ್ಟಿಕೊಂಡವು. ಬ್ಯಾಪ್ಟಿಸ್ಟ್ ಮಿಷನರಿ ಸಂಘ 1792ರಲ್ಲಿ, ಲಂಡನ್ ಮಿಷನರಿ ಸಂಘ 1795ರಲ್ಲಿ, ಚರ್ಚ್ ಮಿಷನರಿ ಸಂಘ 1799ರಲ್ಲಿ ಸ್ಥಾಪಿತವಾದವು. ಚಂದಾ ಎತ್ತುವುದು, ಸಮಿತಿ ರಚಿಸುವುದು, ಆರಿಸಿದವರಿಗೆ ವೇತನ ಗೊತ್ತುಮಾಡಿ ಹಡಗು ಹತ್ತಿಸುವುದು ಇವುಗಳ ಕ್ರಮ. ಇದು ವಿವೇಕದ ಕ್ರಮವೆಂಬುದರಲ್ಲಿ ಸಂಶಯವಿಲ್ಲ. ಆದರೆ ಹೀಗೆ ಹೋದವನು ಸಮಿತಿಯ ಸೇವಕನೋ ದೇವರ ಸೇವಕನೋ ಎಂಬ ಶಂಕೆ ಕೆಲವರ ಮನಸ್ಸಿನಲ್ಲಿ ಮೂಡಿತು. ಅಂಥವರಲ್ಲಿ ಮೊದಲು ಹೆಸರಿಸಬೇಕಾದವನು ಆಂಟನಿ ನಾರಿಸ್ ಗ್ರೋವ್ಸ್.

ಗ್ರೋವ್ಸ್ 1795ರಲ್ಲಿ ಹ್ಯಾಂಪ್‌ಶೈರ್ ಪ್ರಾಂತದಲ್ಲಿ ಜನಿಸಿದನು. ದಂತವೈದ್ಯವನ್ನು ಕಲಿತು ಮೊದಲು ಪ್ಲಿಮತ್‌ನಲ್ಲಿ, ಬಳಿಕ ಎಕ್ಸೆಟರ್ ನಗರದಲ್ಲಿ ವೃತ್ತಿಯಲ್ಲಿ ತೊಡಗಿ ಸಾಕಷ್ಟು ಸಂಪಾದಿಸಿದನು. ತರುಣ ವಯಸ್ಸಿನಲ್ಲಿಯೇ ಪರದೇಶಕ್ಕೆ ಹೋಗಿ ಧರ್ಮಸೇವೆ ಮಾಡಬೇಕೆಂಬ ಹಂಬಲ ಅವನಲ್ಲಿತ್ತು. ಪತ್ನಿ ಮೇರಿಗೆ ಅದು ಹಿಡಿಸಲಿಲ್ಲ. ಗಂಡನು ಒತ್ತಾಯಿಸದೆ ಕಾದನು. ದಂಪತಿಗಳು ಮೊದಲು ವರಮಾನದ ಹತ್ತರಲ್ಲೊಂದು ಪಾಲನ್ನು, ಅನಂತರ ನಾಲ್ಕರಲ್ಲೊಂದು ಪಾಲನ್ನು, ಕಡೆಗೆ ತಮ್ಮ ಸರಳ ಜೀವನಕ್ಕೆ ಬೇಕಾದಷ್ಟನ್ನು ಬಿಟ್ಟು ಉಳಿದುದೆಲ್ಲವನ್ನೂ ದಾನಕ್ಕೆ ಮೀಸಲಿಟ್ಟರು. ಬಡವರ ಮನೆಗಳನ್ನು ಕಂಡು ಬರುತ್ತ ಮೇರಿಯ ಮನಸ್ಸೂ ಕ್ರಮೇಣ ಗಂಡನ ಮನಸ್ಸಿನೊಡನೆ ಕೂಡಿಕೊಂಡಿತು. ನಾಳೆಗೆಂದು ಕೂಡಿಡುವುದು ಭಕ್ತನಿಗೆ ತಕ್ಕುದಲ್ಲವೆಂಬ ವಾದವನ್ನು ಗ್ರೋವ್ಸ್ 1825ರಲ್ಲಿ ‘ಕ್ರಿಶ್ಚಿಯನ್ ಡಿವೋಟೆಡ್‌ನೆಸ್’ ಎಂಬ ಕಿರುಹೊತ್ತಿಗೆಯಲ್ಲಿ ಪ್ರತಿಪಾದಿಸಿದನು.

ಪಾದ್ರಿಯಾಗಿ ದೀಕ್ಷೆ ಪಡೆಯುವ ಉದ್ದೇಶದಿಂದ ಅವನು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಹೆಸರು ನೋಂದಾಯಿಸಿ, ಪರೀಕ್ಷೆಗಳ ಸಮಯದಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದನು. ಒಮ್ಮೆ ಹೀಗೆ ಹೊರಡುವ ಹೊತ್ತಿಗೆ ಮನೆಗೆ ಕಳ್ಳರು ನುಗ್ಗಿದರು. ಮೇಜಿನಲ್ಲಿ ಎರಡು ಹಣದ ಗಂಟುಗಳಿದ್ದವು: ಡಬ್ಲಿನ್ ಪಯಣಕ್ಕೆಂದು ತೆಗೆದಿರಿಸಿದ 40 ಪೌಂಡು ಒಂದು, ತೆರಿಗೆ ಸಲ್ಲಿಸಲು ಇಟ್ಟ 16 ಪೌಂಡು ಇನ್ನೊಂದು. ಕಳ್ಳರು ಮೊದಲನೆಯದನ್ನು ಒಯ್ದು ಎರಡನೆಯದನ್ನು ಬಿಟ್ಟುಹೋಗಿದ್ದರು. ಸರಕಾರಕ್ಕೆ ಸಲ್ಲಬೇಕಾದುದು ಉಳಿದು, ತನ್ನ ಪಯಣಕ್ಕೆ ಬೇಕಾದುದು ಹೋದುದನ್ನು ಕಂಡ ಗ್ರೋವ್ಸ್, ಡಬ್ಲಿನ್ನಿಗೆ ಹೋಗುವುದು ದೈವಸಂಕಲ್ಪವಲ್ಲವೆಂದು ನಿರ್ಧರಿಸಿ ವ್ಯಾಸಂಗವನ್ನು ಕೈಬಿಟ್ಟನು. ಈ ಪ್ರಸಂಗವನ್ನು ಗಮನವಿಟ್ಟು ನೋಡಬೇಕು. ಭಕ್ತರ ಚರಿತ್ರೆಗಳಲ್ಲಿ ಇಲ್ಲದುದು ಒದಗಿಬಂದ ಕಥೆಗಳು ಹೇರಳವಾಗಿವೆ. ಗ್ರೋವ್ಸ್‌ನಾದರೋ ಇದ್ದುದು ಹೋದುದರಲ್ಲಿಯೂ ಅದೇ ಹಸ್ತವನ್ನು ಕಂಡನು. ಅವನ ಶ್ರದ್ಧೆಯ ಬಲವೂ ಅಪಾಯವೂ ಇಲ್ಲಿಯೇ ಇವೆ: ಎಲ್ಲವನ್ನೂ ಸಂಕೇತವೆಂದು ಓದುವವನಿಗೆ ಮುಂದೆ ಓದಲಾಗದ ಸಂಕೇತವೊಂದು ಎದುರಾಗದಿರದು.

1829ರ ಜೂನ್ 12ರಂದು ಗ್ರೋವ್ಸ್‌ನ ಪರಿವಾರ ಬಾಗ್ದಾದಿಗೆ ಹೊರಟಿತು. ಪತ್ನಿ, ಹೆನ್ರಿ ಮತ್ತು ಫ್ರ್ಯಾಂಕ್ ಎಂಬ ಇಬ್ಬರು ಬಾಲಕರು, ಸೋದರಿ ಲಿಡಿಯಾ, ಮಕ್ಕಳ ಉಪಾಧ್ಯಾಯನಾದ ಜಾನ್ ಕಿಟ್ಟೊ ಮೊದಲಾದವರು ಜೊತೆಗಿದ್ದರು. ಕಿಟ್ಟೊ ಬಾಲ್ಯದಲ್ಲಿ ಏಣಿಯಿಂದ ಬಿದ್ದು ಶ್ರವಣಶಕ್ತಿಯನ್ನು ಸಂಪೂರ್ಣ ಕಳೆದುಕೊಂಡು, ಪ್ಲಿಮತ್ತಿನ ಬಡವರ ದುಡಿಮೆಮನೆಯಲ್ಲಿ (ವರ್ಕ್‌ಹೌಸ್) ಇದ್ದವನು; ಗ್ರೋವ್ಸ್ ಆಶ್ರಯದಿಂದ ಮುಂದೆ ಬಂದು ಬೈಬಲ್ ವಿಷಯದ ಪ್ರಸಿದ್ಧ ಲೇಖಕನಾದನು. ಈ ತಂಡಕ್ಕೆ ಯಾವ ಸಂಘದ ವೇತನವೂ ಇರಲಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ವರೆಗೆ ಸ್ನೇಹಿತನೊಬ್ಬನ ವಿಹಾರನೌಕೆ ದೊರೆಯಿತು. ಅಲ್ಲಿಂದ ಮಾಸ್ಕೋ, ಕಾಕಸಸ್ ಸೀಮೆ ಮತ್ತು ಟಿಫ್ಲಿಸ್ ದಾಟಿ ಶುಶಾ ಎಂಬ ಊರನ್ನು ಸೇರಿದರು. ಅಲ್ಲಿ ಬಾಸೆಲ್ ಮಿಷನ್ನಿನ ಠಾಣ್ಯವಿದ್ದಿತು. ಮುಂದಿನ ಮಾರ್ಗದ ಭಾಷೆಗಳನ್ನಾಗಲಿ ರೀತಿನೀತಿಗಳನ್ನಾಗಲಿ ಅರಿಯದ ಗ್ರೋವ್ಸ್‌ನಿಗೆ ಆ ಠಾಣ್ಯದ ಕಾರ್ಲ್ ಗಾಟ್ಲೀಬ್ ಫಾಂಡರ್ ಎಂಬ ವಿದ್ವಾಂಸನು ಜೊತೆಗಾರನಾಗಿ ದೊರೆತನು. ಇದೇ ಬಾಸೆಲ್ ಸಂಸ್ಥೆಯಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದುದು ಕನ್ನಡಿಗರಿಗೆ ತಿಳಿದ ವಿಷಯ. ತಬ್ರೀಜ್ ಮಾರ್ಗವಾಗಿ, ಕುರ್ದರ ಬೆಟ್ಟಗಳನ್ನು ಹಾದು, ಡಿಸೆಂಬರ್ 6ರಂದು ತಂಡವು ಬಾಗ್ದಾದನ್ನು ತಲಪಿತು.

ಈ ಆರು ತಿಂಗಳ ಪಯಣದಲ್ಲಿ ಆಕಾಶದಿಂದ ಏನೂ ಇಳಿಯಲಿಲ್ಲ. ಒದಗಿದುದೆಲ್ಲ ಮನುಷ್ಯರ ಕೈಯಿಂದಲೇ ಒದಗಿತು: ಒಬ್ಬನ ನೌಕೆ, ಇನ್ನೊಬ್ಬನ ಭಾಷಾಜ್ಞಾನ, ಮತ್ತೊಬ್ಬರ ಮನೆಯ ಆತಿಥ್ಯ. ಭಕ್ತನು ಇದನ್ನು ದೇವರ ಒದಗಿಸುವಿಕೆಯೆನ್ನುತ್ತಾನೆ. ಲೌಕಿಕನು ಸಜ್ಜನರ ಸಹಾಯವೆನ್ನುತ್ತಾನೆ. ಗ್ರೋವ್ಸ್‌ನ ದೃಷ್ಟಿಯಲ್ಲಿ ಇವೆರಡೂ ಒಂದೇ. ಅವನು ಒಲ್ಲದಿದ್ದುದು ಸಹಾಯವನ್ನಲ್ಲ, ಮೊದಲೇ ಗೊತ್ತುಮಾಡಿದ ಸಂಬಳವನ್ನು.

ಬಾಗ್ದಾದಿನಲ್ಲಿ ಅವನು ಆರ್ಮೇನಿಯನ್ ಮಕ್ಕಳಿಗಾಗಿ ಶಾಲೆ ತೆರೆದನು. ರೋಗಿಗಳಿಗೆ ಚಿಕಿತ್ಸೆ ಮಾಡಿದನು. 1831ರ ವಸಂತದಲ್ಲಿ ಊರಿಗೆ ಪ್ಲೇಗು ತಗುಲಿತು. ಬ್ರಿಟಿಷ್ ರೆಸಿಡೆಂಟನು ಊರು ಬಿಡುವಾಗ ತನ್ನೊಡನೆ ಬರಲು ಗ್ರೋವ್ಸ್‌ನ ಕುಟುಂಬವನ್ನೂ ಕರೆದನು. ಶಾಲೆಯನ್ನೂ ಜನರನ್ನೂ ತೊರೆಯಲೊಪ್ಪದೆ ಇವರು ಉಳಿದರು. ದಿನದಿನಕ್ಕೆ ಸಾವು ಹೆಚ್ಚಿತು. ಹೂಳುವವರಿಲ್ಲದೆ ಹೆಣಗಳು ಬೀದಿಯಲ್ಲಿ ಬಿದ್ದವು. ನೀರು ಹೊರುವವರೂ ದೊರೆಯದಾದರು. ಏಪ್ರಿಲ್ ಅಂತ್ಯದಲ್ಲಿ ಟೈಗ್ರಿಸ್ ನದಿ ಉಕ್ಕಿ ಕೋಟೆಯ ಗೋಡೆಯನ್ನೊಡೆದು ಊರೊಳಗೆ ನುಗ್ಗಿತು. ಸಾವಿರಾರು ಮನೆಗಳು ಕುಸಿದವು. ಗ್ರೋವ್ಸ್‌ನ ಮನೆ ನಿಂತಿತು. ತನ್ನ ಮನೆಯವರೆಲ್ಲ ಉಳಿದಾರೆಂಬ ಭರವಸೆಯಲ್ಲಿ ಅವನು ದಿನಗಳನ್ನು ನೂಕುತ್ತಿದ್ದನು.

ಆ ಭರವಸೆ ನಿಲ್ಲಲಿಲ್ಲ. ಮೇರಿಗೆ ಪ್ಲೇಗು ತಗುಲಿ, ಅವಳು ಮೇ 14ರಂದು ತೀರಿಕೊಂಡಳು. ಬಾಗ್ದಾದಿನಲ್ಲಿ ಹುಟ್ಟಿದ ಹಸುಳೆ ಮಗಳೂ ಅದೇ ವರ್ಷ ತಾಯಿಯನ್ನು ಹಿಂಬಾಲಿಸಿತು. ಪ್ಲೇಗು ಇಳಿಯುವ ಹೊತ್ತಿಗೆ ದಾವೂದ್ ಪಾಷಾನನ್ನು ಪದಚ್ಯುತಗೊಳಿಸಲು ಸುಲ್ತಾನನ ಸೈನ್ಯವು ನಗರವನ್ನು ಮುತ್ತಿತು. ಗುಂಡುಗಳ ಭಯದೊಡನೆ ಕ್ಷಾಮವೂ ಲೂಟಿಯೂ ಸೇರಿದವು. ಇಂಗ್ಲೆಂಡಿನಿಂದ 1830ರಲ್ಲಿಯೇ ಹೊರಟಿದ್ದ ಸಂಗಡಿಗರು ಅಲೆಪ್ಪೊದಲ್ಲಿ ತಡೆದು, 1832ರ ಬೇಸಗೆಯವರೆಗೆ ಬಂದು ಸೇರಲಿಲ್ಲ. ಒದಗಿಸುವವನು ಇದ್ದಾನೆಂದು ನಂಬಿ ಮನೆಮಾರು ಬಿಟ್ಟವನಿಗೆ ಒದಗಿದುದು ಇದೇ ಏನು ಎಂಬ ಪ್ರಶ್ನೆ ಓದುಗರ ಮನಸ್ಸಿನಲ್ಲಿ ಏಳುವುದು ಸಹಜ. ಅದು ಗ್ರೋವ್ಸ್‌ನ ಮನಸ್ಸಿನಲ್ಲಿಯೂ ಎದ್ದಿತು. ಅವನ ಬಾಗ್ದಾದಿನ ದಿನಚರಿ 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಅವನು ದುಃಖವನ್ನು ಮರೆಮಾಡಿಲ್ಲ. ಅರ್ಥವಾಗದುದನ್ನು ಅರ್ಥವಾಯಿತೆಂದು ನಟಿಸಿಲ್ಲ. ಎಕ್ಸೆಟರಿನಲ್ಲಿ 40 ಪೌಂಡಿನ ಅರ್ಥವನ್ನು ಒಂದೇ ಬೆಳಗಿನಲ್ಲಿ ಓದಿಕೊಂಡವನು, ಬಾಗ್ದಾದಿನಲ್ಲಿ ಹೆಂಡತಿಯ ಸಾವಿನ ಅರ್ಥವನ್ನು ಓದಲಾರದೆ, ಓದದೆಯೇ ನಂಬಿಕೆಯನ್ನು ಉಳಿಸಿಕೊಳ್ಳಬೇಕಾಯಿತು. ಇದು ಮೊದಲನೆಯದಕ್ಕಿಂತ ಕಠಿನವಾದ ನಂಬಿಕೆ. ಅವನ ಸಂಗಡಿಗರಲ್ಲೊಬ್ಬನಾದ ಫ್ರಾನ್ಸಿಸ್ ನ್ಯೂಮನ್ ಮುಂದೆ ಸಾಂಪ್ರದಾಯಿಕ ಕ್ರೈಸ್ತ ಶ್ರದ್ಧೆಯನ್ನೇ ತೊರೆದು, ತನ್ನ ಮನಃಪರಿವರ್ತನೆಯ ಕಥೆಯನ್ನು 1850ರಲ್ಲಿ ಪ್ರಕಟಿಸಿದನೆಂಬುದನ್ನು ನೆನೆದರೆ, ಒಂದೇ ದಾರಿಯಲ್ಲಿ ನಡೆದವರೆಲ್ಲ ಒಂದೇ ಊರನ್ನು ಸೇರುವುದಿಲ್ಲವೆಂಬುದು ಸ್ಪಷ್ಟವಾಗುತ್ತದೆ.

1833ರಲ್ಲಿ ಗ್ರೋವ್ಸ್, ಮುಂದೆ ಗೋದಾವರಿಯ ಧವಳೇಶ್ವರಂ ಅಣೆಕಟ್ಟಿನ ನಿರ್ಮಾತೃವೆಂದು ಹೆಸರಾದ ಆರ್ಥರ್ ಕಾಟನ್ನನೊಡನೆ ಭಾರತಕ್ಕೆ ಬಂದನು. ಮುಂಬಯಿಯಿಂದ ತಿರುನೆಲ್ವೇಲಿಯವರೆಗೂ, ಅಲ್ಲಿಂದ ಕಲ್ಕತ್ತೆಯವರೆಗೂ ಸಂಚರಿಸಿದನು. 1834ರಲ್ಲಿ ಕಾಯಿಲೆ ಬಿದ್ದ ಅಲೆಕ್ಸಾಂಡರ್ ಡಫ್‌ನನ್ನು ಸ್ವದೇಶಕ್ಕೆ ಸಾಗಿಸಬೇಕಾದಾಗ ಹಡಗಿನಲ್ಲಿ ಜೊತೆಗೆ ಹೋಗಿ ಉಪಚರಿಸಿದವನು ಇವನೇ. ಪಯಣದಲ್ಲಿ ಅನ್ಯರಿಂದ ಪಡೆದುದನ್ನು ಪಯಣದಲ್ಲಿಯೇ ಅನ್ಯನಿಗೆ ಸಲ್ಲಿಸಿದಂತಾಯಿತು.

1836ರಲ್ಲಿ ಅವನು ಮರುಮದುವೆಯಾದ ಪತ್ನಿಯೊಡನೆ ಮದರಾಸಿಗೆ ಮರಳಿ, ಮರುವರ್ಷ ಚಿತ್ತೂರಿನಲ್ಲಿ ನೆಲಸಿದನು. ಇಲ್ಲಿ ಅವನ ಆಲೋಚನೆ ಒಂದು ಹೊಸ ತಿರುವನ್ನು ಪಡೆಯಿತು. ಧರ್ಮಬೋಧಕನು ಪೌಲನಂತೆ ಸ್ವಂತ ಕೈಗಳಿಂದ ದುಡಿದುಣ್ಣಬೇಕು. ಹೊಸದಾಗಿ ಕ್ರೈಸ್ತರಾದವರಿಗೂ ದುಡಿಮೆಯ ನೆಲೆಯಿರಬೇಕು ಎಂಬುದು ಅವನ ಆಶಯ. ದಂತವೈದ್ಯದ ಜೊತೆಗೆ ಹಿಪ್ಪುನೇರಳೆ ಬೆಳೆಸಿ ರೇಷ್ಮೆ ಸಾಕಣೆಗೆ ಕೈಹಾಕಿದನು. ಉದ್ಯಮ ಬೆಳೆದಂತೆ ಅನ್ಯರ ಹಣವೂ ಅದರಲ್ಲಿ ಸೇರಿತು. ಫಲ ಮಾತ್ರ ಕೈಗೆ ಹತ್ತಲಿಲ್ಲ. ನಾಳೆಗೆಂದು ಕೂಡಿಡಬಾರದೆಂದು ಪುಸ್ತಕ ಬರೆದವನು ನಾಳೆ ತೀರಿಸಬೇಕಾದ ಸಾಲದ ಹೊರೆ ಹೊತ್ತನು. ಆ ಹೊರೆ ಅವನ ಉತ್ತರಾಯುಷ್ಯದ ಅನೇಕ ವರ್ಷಗಳನ್ನು ತಿಂದಿತು. ಅದನ್ನು ಕುರಿತು ಅವನು ಪತ್ರಗಳಲ್ಲಿ ಪರಿತಪಿಸಿದ್ದಾನೆ.

ಕಾಯಕದ ಕಲ್ಪನೆಯಲ್ಲಿ ಬೆಳೆದ ನಮ್ಮ ಓದುಗರು ಇಲ್ಲಿ ಅವಸರದ ತೀರ್ಪು ಕೊಡಬಾರದು. ದುಡಿದುಣ್ಣಬೇಕೆಂಬ ಅವನ ತತ್ತ್ವದಲ್ಲಿ ದೋಷವಿರಲಿಲ್ಲ. ಮಾರಯ್ಯನು ಆಯ್ದು ತಂದ ಅಕ್ಕಿಯಲ್ಲಿ ಅಗತ್ಯಕ್ಕೆ ಮಿಕ್ಕುದನ್ನು ಲಕ್ಕಮ್ಮನು ಹಿಂದಿರುಗಿಸಿ ಬರಲು ಹೇಳಿದ ಕಥೆ ಎಲ್ಲರಿಗೂ ಗೊತ್ತು. ಕಾಯಕವು ದಿನದ ಅಳತೆಯನ್ನು ಮೀರಿ ಬಂಡವಾಳದ ಉದ್ಯಮವಾದಾಗ ಅದರ ಚಿಂತೆ ದುಡಿಯುವವನನ್ನೇ ಆಳತೊಡಗುತ್ತದೆ. ಚಿತ್ತೂರಿನಲ್ಲಿ ನಡೆದುದು ಇದೇ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೇಯ್ಗೆಯನ್ನೂ, 1865ರಿಂದ ಹೆಂಚಿನ ಕಾರ್ಖಾನೆಯನ್ನೂ ಯಶಸ್ವಿಯಾಗಿ ನಡೆಸಿತೆಂದರೆ, ಅಲ್ಲಿ ನಷ್ಟವನ್ನು ತಾಳಿಕೊಳ್ಳಬಲ್ಲ ಸಂಸ್ಥೆಯ ಬೆನ್ನಾಸರೆಯಿತ್ತು. ಗ್ರೋವ್ಸ್ ಅಂಥ ಆಸರೆಯನ್ನು ಬೇಕೆಂದೇ ಬಿಟ್ಟುಬಂದವನು. ಅವನ ಮಕ್ಕಳ ಉದ್ಯಮವಾದರೋ ನಮ್ಮ ನಾಡಿನಲ್ಲಿಯೇ ನೆಲೆಗೊಂಡಿತು: ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ 1847ರಲ್ಲಿ ಗ್ರೋವ್ಸ್ ಕಂಪನಿ ಸ್ಥಾಪಿಸಿದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ರೈತರ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುತ್ತಿತ್ತು.

ಚಿತ್ತೂರಿನ ಸೋಲಿನಿಂದ ಅವನ ಬದುಕನ್ನು ಅಳೆಯಲಾಗದು. ಅವನ ಶಿಷ್ಯ ಆರುಳಪ್ಪನ್ ಗೊತ್ತಾದ ಸಂಬಳವನ್ನು ಒಲ್ಲದೆ ತಮಿಳು ನಾಡಿನಲ್ಲಿ 1840ರಲ್ಲಿ ಕ್ರಿಶ್ಚಿಯನ್‌ಪೇಟೆ ಎಂಬ ಗ್ರಾಮವನ್ನು ನೆಲೆಗೊಳಿಸಿದನು. ಗ್ರೋವ್ಸ್‌ನ ಸೋದರಿಯ ಪತಿ ಜಾರ್ಜ್ ಮುಲ್ಲರ್, ಅವನ ಮೇಲ್ಪಂಕ್ತಿಯನ್ನು ಕಂಡು 1830ರಲ್ಲಿ ಸಂಬಳವನ್ನು ತ್ಯಜಿಸಿದನು. ಬ್ರಿಸ್ಟಲ್ ನಗರದಲ್ಲಿ ಯಾರನ್ನೂ ಬೇಡದೆ ಸಾವಿರಾರು ಅನಾಥ ಮಕ್ಕಳನ್ನು ಸಲಹಿದನು. ಎಪ್ಪತ್ತರ ಅಂಚಿನಲ್ಲಿ, 1875ರಲ್ಲಿ, ದೇಶದೇಶಗಳ ಪರ್ಯಟನಕ್ಕೆ ಹೊರಟು ಹದಿನೇಳು ವರ್ಷ ಸಂಚರಿಸಿದನು. ಚೀನಾ ಒಳನಾಡಿನ ಮಿಷನ್ನನ್ನು 1865ರಲ್ಲಿ ಸ್ಥಾಪಿಸಿದ ಹಡ್ಸನ್ ಟೇಲರನು ಮುಲ್ಲರನಿಂದ ಪ್ರೇರಣೆ ಪಡೆದವನು. ಹೀಗೆ ಒಬ್ಬ ದಂತವೈದ್ಯನು ಹಿಡಿದ ಹಾದಿಯಲ್ಲಿ ಅವನಿಗಿಂತ ಬಹುದೂರ ನಡೆದವರು ಅನೇಕರು.

ದೇಹಾಲಸ್ಯದಿಂದ 1852ರಲ್ಲಿ ಸ್ವದೇಶಕ್ಕೆ ಮರಳಿದ ಗ್ರೋವ್ಸ್ 1853ರ ಮೇ 20ರಂದು ಬ್ರಿಸ್ಟಲ್‌ನಲ್ಲಿ ಮುಲ್ಲರನ ಮನೆಯಲ್ಲಿ ಕಣ್ಮುಚ್ಚಿದನು. ದೇವರು ಒದಗಿಸುತ್ತಾನೆಂಬ ಮಾತನ್ನು ಸುಖದ ಭರವಸೆಯೆಂದು ತಿಳಿದರೆ ಅವನ ಜೀವನವೇ ಅದಕ್ಕೆ ವಿರುದ್ಧ ಸಾಕ್ಷಿಯಾಗುತ್ತದೆ. ಮುಂದಿನ ಹೆಜ್ಜೆಗೆ ಬೇಕಾದುದು ಆ ಹೆಜ್ಜೆಯ ಹೊತ್ತಿಗೆ ಸಿಕ್ಕೀತು, ಅದಕ್ಕಿಂತ ಮುಂಚೆ ಅಲ್ಲ, ಅದಕ್ಕಿಂತ ಹೆಚ್ಚೂ ಅಲ್ಲ ಎಂಬಷ್ಟೇ ಅರ್ಥದಲ್ಲಿ ಗ್ರಹಿಸಿದರೆ, ಎಕ್ಸೆಟರಿನಿಂದ ಬಾಗ್ದಾದಿಗೆ, ಬಾಗ್ದಾದಿನಿಂದ ಚಿತ್ತೂರಿಗೆ ಅವನು ನಡೆದ ದಾರಿ ಆ ಮಾತಿಗೆ ಟೀಕೆಯಾಗಿ ನಿಲ್ಲುತ್ತದೆ. ಮನೆ ಮಾರು ತೊರೆದು ಹೊರಟವನು ಕಡೆಯ ದಿನಗಳಲ್ಲಿ ಸೋದರಿಯ ಮನೆಯ ಅತಿಥಿಯಾಗಿದ್ದನು. ಆ ಮನೆಯಾದರೂ ಅವನ ಮೇಲ್ಪಂಕ್ತಿಯನ್ನು ನಂಬಿ ಬುತ್ತಿಯಿಲ್ಲದೆ ಬದುಕಲು ಕಲಿತ ಮನೆಯೇ ಆಗಿದ್ದಿತು.