ಮುಳ್ಳಿನಿಂದ ಅಂಕಿಗೆ: ಕಾಟರಿ ಯಂತ್ರದ ಅಳತೆಯ ಚರಿತ್ರೆ

"ಎಷ್ಟಕ್ಕಿಡಲಿ ಸರ್?" "ಮೂವತ್ತಕ್ಕಿಡಿ ಸಿಸ್ಟರ್." ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿರಲಿ, ಭದ್ರಾವತಿಯ ಸಣ್ಣ ನರ್ಸಿಂಗ್ ಹೋಮ್ ಇರಲಿ, ಆಪರೇಷನ್ ಥಿಯೇಟರಿನಲ್ಲಿ ದಿನವೂ ಕೇಳಿಬರುವಂಥ ಮಾತು ಇದು. ಸಿಸ್ಟರ್ ಗುಂಡಿ ಒತ್ತುತ್ತಾರೆ, ಯಂತ್ರದ ಮುಖದ ಮೇಲೆ 30 ಎಂಬ ಅಂಕಿ ಹೊಳೆಯುತ್ತದೆ. ಹಳದಿ ಗುಂಡಿ ಕೊಯ್ಯಲು, ನೀಲಿ ಗುಂಡಿ ರಕ್ತ ಕಟ್ಟಿಸಲು. ಎಲ್ಲರ ಬಾಯಲ್ಲೂ ಅದು ಕಾಟರಿ ಮಷೀನ್, ಹಳಬರಿಗೆ ಡಯಾಥರ್ಮಿ, ಪುಸ್ತಕದಲ್ಲಿ ಎಲೆಕ್ಟ್ರೋಸರ್ಜಿಕಲ್ ಜನರೇಟರ್. ಆ ಮೂವತ್ತರ ಹಿಂದೆ ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಯಂತ್ರದ ಚರಿತ್ರೆ ಬರೆದವರು ಕತ್ತರಿಸುವ ಕಿಡಿಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅಂಕಿಯ ಬಗ್ಗೆ ಬರೆದದ್ದು ಕಡಿಮೆ.

ಈ ಚರಿತ್ರೆಯ ಎರಡು ಎಳೆಗಳೂ ಒಬ್ಬನೇ ಮನುಷ್ಯನಿಂದ ಹೊರಡುತ್ತವೆ. ಫ್ರಾನ್ಸಿನ ಆರ್ಸೆನ್ ದಾರ್ಸೊನ್ವಾಲ್ 1882ರಲ್ಲಿ ಮಾರ್ಸೆಲ್ ದೆಪ್ರೆ ಜೊತೆ ಸೇರಿ ಚಲಿಸುವ ಸುರುಳಿಯ ಗ್ಯಾಲ್ವನೋಮೀಟರ್ ರೂಪಿಸಿದ. ಮುಂದೆ ಬಂದ ಮುಳ್ಳಿನ ಮೀಟರುಗಳಿಗೆಲ್ಲ ಅದೇ ಮೂಲ. ಸುಮಾರು ಒಂಬತ್ತು ವರ್ಷಗಳ ನಂತರ ಅವನೇ ಇನ್ನೊಂದು ಸಂಗತಿ ತೋರಿಸಿದ: ಸೆಕೆಂಡಿಗೆ ಹತ್ತು ಸಾವಿರ ಬಾರಿಗಿಂತ ಹೆಚ್ಚು ದಿಕ್ಕು ಬದಲಿಸುವ ವಿದ್ಯುತ್ತು ಮೈಯೊಳಗೆ ಹರಿದರೂ ಸ್ನಾಯು ಸೆಟೆದುಕೊಳ್ಳುವುದಿಲ್ಲ, ಬಿಸಿ ಮಾತ್ರ ಹುಟ್ಟುತ್ತದೆ. ಜೋಗದಿಂದ ಮನೆಗೆ ಬರುವ 50 ಹರ್ಟ್ಸ್ ಕರೆಂಟು ಹೊಡೆದರೆ ಜೀವ ಹೋಗಬಹುದು. ಕಾಟರಿ ಯಂತ್ರದ ನಾಲ್ಕೈದು ಲಕ್ಷ ಹರ್ಟ್ಸ್ ಕರೆಂಟು ಮೈಯಲ್ಲಿ ಹರಿಯುವಾಗ ಹೃದಯ ತನ್ನ ಪಾಡಿಗೆ ಬಡಿಯುತ್ತಿರುತ್ತದೆ. ಮೈಗೆ ಹರಿಸಬಹುದಾದ ವಿದ್ಯುತ್ತೂ ಅದನ್ನು ಅಳೆಯುವ ಮುಳ್ಳೂ ಒಬ್ಬನ ಕೈಯಿಂದಲೇ ಬಂದವು. ಆದರೆ ಶಸ್ತ್ರಕ್ರಿಯೆಯಲ್ಲಿ ಅವೆರಡೂ ಸರಿಯಾಗಿ ಕೂಡಿಕೊಳ್ಳಲು ಬಹಳ ಕಾಲ ಹಿಡಿಯಿತು.

1926ರ ಅಕ್ಟೋಬರ್ 1ರಂದು ಬೋಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಹಾರ್ವೆ ಕುಶಿಂಗ್ ಒಬ್ಬ ರೋಗಿಯ ತಲೆಯ ಗಡ್ಡೆ ತೆಗೆದರು. ಕೆಲವೇ ದಿನಗಳ ಹಿಂದೆ ವಿಪರೀತ ರಕ್ತ ಸುರಿದು ಅದೇ ಶಸ್ತ್ರಕ್ರಿಯೆಯನ್ನು ಅರ್ಧಕ್ಕೆ ನಿಲ್ಲಿಸಬೇಕಾಗಿತ್ತು. ಈ ಸಲ ಪಕ್ಕದಲ್ಲಿದ್ದದ್ದು ಸಸ್ಯಶಾಸ್ತ್ರ ಓದಿ ಜೀವಭೌತ ವಿಜ್ಞಾನಕ್ಕೆ ಬಂದಿದ್ದ ವಿಲಿಯಂ ಬೋವಿಯ ಯಂತ್ರ. ಇಂದಿಗೂ ಎಷ್ಟೋ ಸರ್ಜನ್ನರು ಕಾಟರಿಯನ್ನು 'ಬೋವಿ' ಎಂದೇ ಕರೆಯುತ್ತಾರೆ.

ಆ ಪೀಳಿಗೆಯ ಯಂತ್ರಗಳಲ್ಲಿ ಇದ್ದದ್ದು ತಿರುಪು ಗುಂಡಿ ಮತ್ತು ಅದರ ಸುತ್ತ ಬರೆದ ಅಂಕಿಗಳು. ಐದು ಎಂದರೆ ಐದು ವ್ಯಾಟ್ ಅಲ್ಲ; ನಾಲ್ಕಕ್ಕಿಂತ ಹೆಚ್ಚು, ಆರಕ್ಕಿಂತ ಕಡಿಮೆ, ಅಷ್ಟೆ. ಒಂದು ಯಂತ್ರದ ಐದು ಇನ್ನೊಂದರ ಏಳಾಗಬಹುದಿತ್ತು. ಸರ್ಜನ್ನರು ಅಂಗಾಂಶ ಬೆಳ್ಳಗಾಗುವುದನ್ನೂ ಹೊಗೆಯನ್ನೂ ನೋಡಿ ಅಂದಾಜು ಕಟ್ಟುತ್ತಿದ್ದರು. ಕುಲುಮೆಯ ಕೆಲಸಗಾರರು ಕರಗಿದ ಲೋಹದ ಬಣ್ಣ ನೋಡಿ ಬಿಸಿ ಹೇಳುತ್ತಿದ್ದರಲ್ಲ, ಅದೇ ಬಗೆಯ ಪಳಗಿದ ಕಣ್ಣು ಇದು. ಆ ಕಣ್ಣಿನ ಬಗ್ಗೆ ಗೌರವವಿರಲೇಬೇಕು. ಆದರೆ ಹೊಸಬರಿಗೆ ಅದನ್ನು ದಾಟಿಸುವುದು ಕಷ್ಟ.

ಭಾರತದಲ್ಲಿ ಮೀಟರಿನಿಂದ ವೈದ್ಯಕೀಯ ಯಂತ್ರಕ್ಕೆ ಸಾಗಿದ ದಾರಿಗೆ ಒಂದು ಒಳ್ಳೆಯ ಉದಾಹರಣೆ ಬಿಪಿಎಲ್. ಮುಂದೆ ಬೆಂಗಳೂರನ್ನೇ ಕೇಂದ್ರ ಮಾಡಿಕೊಂಡ ಈ ಸಂಸ್ಥೆ 1963ರಲ್ಲಿ ಪಾಲಕ್ಕಾಡಿನಲ್ಲಿ ಶುರುವಾದದ್ದು ರಕ್ಷಣಾ ಪಡೆಗಳಿಗೆ ನಿಖರವಾದ ಪ್ಯಾನೆಲ್ ಮೀಟರು ಮಾಡಲು. ಇಸಿಜಿ ಯಂತ್ರ ಬಂದದ್ದು ಆಮೇಲೆ. ಇದು ಆಕಸ್ಮಿಕ ಎನ್ನಲಾಗದು: ಮುಳ್ಳನ್ನು ನಂಬುವಂತೆ ಮಾಡಲು ಕಲಿತವರಿಗೇ ರೋಗಿಯ ಪಕ್ಕ ಇಡುವ ಯಂತ್ರ ಕಟ್ಟುವ ಶಿಸ್ತು ದಕ್ಕುತ್ತದೆ.

1970ರ ದಶಕದಲ್ಲಿ ಕಾಟರಿ ಯಂತ್ರದೊಳಗೆ ವೇಗದ ಕರೆಂಟು ಹುಟ್ಟಿಸುತ್ತಿದ್ದ ಕಿಡಿಸಂದು ಮತ್ತು ವಾಲ್ವುಗಳ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು. ಅದರ ಬೆನ್ನಿಗೇ ವ್ಯಾಟ್ ತೋರಿಸುವ ಅಂಕಿ ಪರದೆ ಬಂತು. 1982ರ ಅಂತರರಾಷ್ಟ್ರೀಯ ಮಾನದಂಡ ಐಇಸಿ 601-2-2 ಇವೇ ಯಂತ್ರಗಳಿಗಾಗಿ ಬಂದದ್ದು. ಹೊರಬರುವ ಶಕ್ತಿ ತೋರಿಸಿದ ಅಂಕಿಗಿಂತ ಶೇ. 20ಕ್ಕಿಂತ ಹೆಚ್ಚು ಆಚೀಚೆ ಆಗಕೂಡದು ಎಂಬುದು ಈ ಸರಣಿಯ ನಿಯಮ. ಶೇ. 20 ಧಾರಾಳವಾಯಿತು ಎನಿಸಬಹುದು. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ರೋಗಿಯ ಬದಲಿಗೆ 300 ಓಮ್ ರೆಸಿಸ್ಟರ್ ಜೋಡಿಸಿ ಅರ್ಧ ಆಂಪಿಯರ್ ಹರಿಸಿದರೆ 75 ವ್ಯಾಟ್. ಕರೆಂಟು ಶೇ. 10ರಷ್ಟು ಏರಿ 0.55 ಆದರೆ ಶಕ್ತಿ ಸುಮಾರು 91 ವ್ಯಾಟ್, ಅಂದರೆ ಶೇ. 21 ಹೆಚ್ಚು. ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಸಣ್ಣ ತಪ್ಪೂ ಗಡಿ ದಾಟುತ್ತದೆ.

ಅಳೆಯುವುದೂ ಸುಲಭವಲ್ಲ. ಸಾಮಾನ್ಯ ಮಲ್ಟಿಮೀಟರ್ ಇಷ್ಟು ವೇಗದ ಕರೆಂಟನ್ನು ಹಿಡಿಯುವುದಿಲ್ಲ. ತಂತಿ ಸುತ್ತಿದ ರೆಸಿಸ್ಟರ್ ತಾನೇ ಸುರುಳಿಯಂತೆ ವರ್ತಿಸಿ ಲೆಕ್ಕ ಕೆಡಿಸುತ್ತದೆ. ಹಾಗಾಗಿ ಹಳೆಯ ಕ್ಯಾಲಿಬ್ರೇಷನ್ನಿಗೆ ಥರ್ಮೋಕಪಲ್ ಆಮೀಟರ್ ಬಳಸುತ್ತಿದ್ದರು: ಕರೆಂಟು ಒಂದು ಎಳೆಯನ್ನು ಬಿಸಿ ಮಾಡುತ್ತದೆ, ಬಿಸಿಯಾದ ಎರಡು ಲೋಹಗಳ ಬೆಸುಗೆ ಸಣ್ಣ ವೋಲ್ಟೇಜ್ ಕೊಡುತ್ತದೆ, ಅದು ದಾರ್ಸೊನ್ವಾಲನ ಮುಳ್ಳನ್ನು ಓಡಿಸುತ್ತದೆ. ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಬಿಸಿ ಅಳೆಯುವುದೂ ಇದೇ ಥರ್ಮೋಕಪಲ್ಲಿನಿಂದ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕಣ್ಣುಬಿಟ್ಟ ಭದ್ರಾವತಿಗೆ ಈ ತತ್ವವನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ.

ಪರದೆಗೂ ತನ್ನದೇ ಅಪಾಯವಿದೆ. ಪ್ರತಿ ಅಂಕಿ ಏಳು ಗೆರೆಗಳಿಂದ ಮೂಡುತ್ತದೆ. ಮೇಲೆ ಬಲಗಡೆಯ ಒಂದು ಗೆರೆ ಸತ್ತರೆ 9 ನೋಡುವವರಿಗೆ 5 ಆಗಿ ಕಾಣುತ್ತದೆ; 90 ವ್ಯಾಟ್ ಹೊರಡುತ್ತಿರುತ್ತದೆ, ಪರದೆಯಲ್ಲಿ 50 ಇರುತ್ತದೆ. ನಡುವಿನ ಗೆರೆ ಹೋದರೆ 8 ಸೊನ್ನೆಯಾಗುತ್ತದೆ. ಯಂತ್ರ ಆನ್ ಮಾಡಿದಾಗ ಕ್ಷಣಕಾಲ ಎಲ್ಲ ಕಡೆ 888 ಬೆಳಗುವುದು ಇದನ್ನು ನೋಡಿಕೊಳ್ಳಲೆಂದೇ. ಮುಳ್ಳಿನ ಮೀಟರು ಕೆಟ್ಟರೆ ಅಲುಗಾಡದೆ ನಿಂತು ಹೇಳುತ್ತಿತ್ತು. ಅಂಕಿ ಕೆಟ್ಟರೂ ಅಂಕಿಯಂತೆಯೇ ಕಾಣುತ್ತದೆ. ಅದೂ ಅಲ್ಲದೆ ಅನೇಕ ಯಂತ್ರಗಳಲ್ಲಿ ಪರದೆ ತೋರಿಸುವುದು ನಾವು ಇಟ್ಟ ಶಕ್ತಿಯನ್ನು, ಹೊರಟ ಶಕ್ತಿಯನ್ನಲ್ಲ. ಅವೆರಡನ್ನೂ ಕೂಡಿಸುವುದು ಕ್ಯಾಲಿಬ್ರೇಷನ್ ಒಂದೇ. ಮೊದಲು ಅದು ಸರ್ಕ್ಯೂಟ್ ಬೋರ್ಡಿನ ಮೇಲೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಪ್ರಿಸೆಟ್ಟಿನಲ್ಲಿತ್ತು. ಈಗ ಮೆಮೊರಿ ಚಿಪ್ಪಿನೊಳಗೆ ಸೇರಿದೆ.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಕ್ಕಿ ಕೊಳ್ಳುವವರು ತಕ್ಕಡಿಗೆ ಮುದ್ರೆ ಬಿದ್ದಿರಬೇಕೆಂದು ಕೇಳುವ ಹಕ್ಕುಳ್ಳವರು. ಕಾಟರಿ ಯಂತ್ರದ ಮೈಮೇಲಿನ ಕ್ಯಾಲಿಬ್ರೇಷನ್ ಚೀಟಿಯೂ ಅಂಥದೇ ಮುದ್ರೆ. ಅದರ ಮೇಲಿನ ದಿನಾಂಕವನ್ನು ಬೆಳಗಿನ ಮೊದಲ ಕೇಸಿಗೆ ಮುಂಚೆ ಓದುವ, 888ರ ಎಲ್ಲ ಗೆರೆಗಳೂ ಬೆಳಗಿದವೇ ಎಂದು ನೋಡುವ ರೂಢಿ ಪ್ರತಿ ಥಿಯೇಟರಿನಲ್ಲೂ ಬೇರೂರಬೇಕು. ಎರಡೂ ಊರುಗಳ ಆಸ್ಪತ್ರೆಗಳಿಗೆ ಇನ್ನೊಂದು ಕೋರಿಕೆ: ಕಂಡೆಮ್ ಆದ ಹಳೆಯ ಡಯಾಥರ್ಮಿ ಯಂತ್ರ, ಅದರ ಸರ್ವಿಸ್ ರಿಜಿಸ್ಟರ್ ಕೈಗೆ ಸಿಕ್ಕರೆ ಗುಜರಿಗೆ ಹಾಕಬೇಡಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿಗೋ ಪಾಲಿಟೆಕ್ನಿಕ್ಕಿಗೋ ಕೊಡಿ.